ನವಿಲಿಗೆ ಐದು ನಕ್ಷತ್ರ

ಸತ್ಯನಾರಾಯಣನ ಆ ದಿನದ ಫಜೀತಿಗೆಲ್ಲ ಮೂಲ, ಅಂಚೆಯವನು ಬಾಗಿಲ ಸಂದಿಗೆ ಸಿಕ್ಕಿಸಿ ಹೋದ ಅಂಗೈಯಗಲದ ಒಂದು ಚೀಟಿ. ವಿದೇಶದಿಂದ ಪಾರ್ಸೆಲ್ ಬಂದಿದೆ, ಮನೆಗೆ ಬೀಗ ಹಾಕಿತ್ತು, ಬಂದು ತೆಗೆದುಕೊಂಡು ಹೋಗಿ ಎಂದು ಅದರಲ್ಲಿತ್ತು, ಕೆಳಗೆ ಕಳಿಸಿದವರ ಹೆಸರು, ಊರು. ಶುಕ್ರವಾರ ಅದು ಬಂದಾಗ ಸತ್ಯನಾರಾಯಣ ಮಣಲಿಯ ಕಾರ್ಖಾನೆಯ ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸುತ್ತಿದ್ದ. ತಾಂಬರಂನಿಂದ ಮಣಲಿಗೆ ಒಂದು ಎಲೆಕ್ಟ್ರಿಕ್ ಟ್ರೈನು, ಎರಡು ಬಸ್ಸು. ಅವನು ಮನೆ ಸೇರುವುದರೊಳಗೆ ಎದುರು ಮನೆಯ ಜಾನಕಮ್ಮ ಚೀಟಿಯನ್ನು ತೆಗೆದು, ಕನ್ನಡಕ ಹಾಕಿಕೊಂಡು ಓದಿ, ಗಾಳಿಗೆ ಹಾರೀತೆಂದು ತಮ್ಮ ಒಗ್ಗರಣೆ ಡಬ್ಬಿಯಲ್ಲಿ ಭದ್ರ ಮಾಡಿದ್ದರು.

ಶನಿವಾರ ಬೆಳಿಗ್ಗೆ ಅವರು ಅದನ್ನು ಕೊಡುವ ಹೊತ್ತಿಗೆ ಚೀಟಿಗೆ ಅರಿಶಿನ ಮೆತ್ತಿತ್ತು, ಸುದ್ದಿ ನಾಲ್ಕೂ ಮಹಡಿ ಹತ್ತಿ ಇಳಿದಿತ್ತು.

“ಏನಪ್ಪಾ ಸತ್ಯ, ಯಾರೋ ಹೆಲೆನಾ ಅಂತೆ? ಪ್ರಾಗ್ ಅಂತ ಊರಂತೆ?”

“ಸ್ನೇಹಿತರು ಅಮ್ಮಾ. ಇಂಟರ್ನೆಟ್ಟಲ್ಲಿ ಪರಿಚಯ.”

“ಎಷ್ಟು ದಿನದಿಂದ?”

“ಎರಡು ವರ್ಷ ಆಯ್ತು.”

ಮಂಡ್ಯ ಬಿಟ್ಟು ಮದರಾಸಿಗೆ ಬಂದು ನಲವತ್ತು ವರ್ಷವಾದ ಜಾನಕಮ್ಮನಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ. “ಪರವಾಯಿಲ್ಲೆ ಬಿಡಪ್ಪ. ಕೋಮಲಾ ಹೋಗಿ ಮೂರು ವರ್ಷ ಆಯ್ತಲ್ಲ. ಒಂಟಿ ಗಂಡಸು ಎಷ್ಟು ದಿನಾಂತ ಮೊಸರನ್ನ ತಿಂದ್ಕೊಂಡು ಇರ್ತಾನೆ? ಉಂಗುರ ಕಳಿಸಿದಾಳೇನು?”

“ಅಯ್ಯೋ, ಅವರಿಗೆ ಎಪ್ಪತ್ತೊಂದು ವರ್ಷ! ಟ್ರಾಮಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು.”

ಜಾನಕಮ್ಮ ಒಂದು ಗಳಿಗೆ ಯೋಚಿಸಿದರು. “ಹೋಗಲಿ. ಅಡುಗೆ ಬರುತ್ತಾ?”

ಇದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಸತ್ಯನಾರಾಯಣನಿಗೆ ಕಾಲೇಜಿನ ದಿನಗಳಿಂದ ಪಿನ್ನಿನ ಹುಚ್ಚು. ಕೋಟಿನ ಕಾಲರಿಗೆ ಸಿಕ್ಕಿಸುತ್ತಾರಲ್ಲ, ರೈಲಿನದು, ಕ್ರೀಡಾಕೂಟದ್ದು, ಪ್ರದರ್ಶನದ್ದು, ಬಣ್ಣಬಣ್ಣದ ಎನಾಮಲ್ಲಿನ ಸಣ್ಣ ಪಿನ್ನುಗಳು, ಅವು. ಕೋಮಲಾ ತೀರಿಕೊಂಡ ಮೇಲೆ ಅವನು ಮಾತು ಬಿಟ್ಟು ಕೂತದ್ದನ್ನು ನೋಡಲಾರದೆ ಜಾನಕಮ್ಮನ ಮಗಳು ರಚನಾ ಅವನನ್ನು ಬ್ರೌಸಿಂಗ್ ಸೆಂಟರಿಗೆ ಕರೆದೊಯ್ದು ಇಮೇಲ್ ಮಾಡಿಕೊಟ್ಟಿದ್ದಳು. ಲೋಕದ ಪಿನ್ನಿನ ಹುಚ್ಚರೆಲ್ಲ ಕೂಡುವ ಒಂದು ಬಳಗ ಅಲ್ಲಿ ಸಿಕ್ಕಿತು. ನನ್ನ ಹತ್ತಿರ ಇದಿದೆ, ನನಗೆ ಅದು ಬೇಕು ಎಂದು ಪಟ್ಟಿ ಹಾಕುವುದು, ಅಂಚೆಯಲ್ಲಿ ಅದಲುಬದಲು ಮಾಡಿಕೊಳ್ಳುವುದು, ಕೈಸೇರಿದ ಮೇಲೆ ಕಳಿಸಿದವರಿಗೆ ಒಂದರಿಂದ ಐದು ನಕ್ಷತ್ರ ಕೊಡುವುದು. ಬಳಗದ ಮೊದಲ ಕಾನೂನು, ಪಿನ್ನು ಹೊಸದರಂತಿರಬೇಕು. ಕಲೆ, ಗೀರು, ಸೊಟ್ಟ ನಡೆಯದು. ಇದರಲ್ಲಿ ಸತ್ಯನಾರಾಯಣನಷ್ಟು ಕಟ್ಟುನಿಟ್ಟಿನವರು ಬೇರೊಬ್ಬರಿಲ್ಲ. ಭೂತಗನ್ನಡಿಯಲ್ಲಿ ಮಾತ್ರ ಕಾಣುವ ಒಂದು ಗೀರಿಗಾಗಿ ಆಸ್ಟ್ರೇಲಿಯಾದ ಪಿನ್ನನ್ನು ಆಸ್ಟ್ರೇಲಿಯಾಕ್ಕೇ ವಾಪಸು ಕಳಿಸಿದ ಮಹಾನುಭಾವ ಅವನು.

ಆದರೆ ಈ ಎರಡು ವರ್ಷದಿಂದ ಅವನಿಗೆ ಬೇಕಾಗಿದ್ದದ್ದು ಒಂದೇ ಪಿನ್ನು, ಒಂದು ನವಿಲು. ಮೈಸೂರಿನಲ್ಲಿ ಎಂದೋ ನಡೆದ ಒಂದು ರೇಷ್ಮೆ ಪ್ರದರ್ಶನದಲ್ಲಿ ಸ್ವಯಂಸೇವಕರಿಗೆ ಹಂಚಿದ್ದು. ಮಾಡಿಸಿದ್ದೇ ಇನ್ನೂರು. ಮದುವೆಯಾದ ವಾರದಲ್ಲಿ, ನೋಡು ಎಂಥ ಅಪರೂಪದ್ದು ಎಂದು ಅವನು ಅದನ್ನು ಹೆಂಡತಿಯ ಕೈಗೆ ಕೊಟ್ಟ. ಕೋಮಲಾ ಚೆನ್ನಾಗಿದೆ ಎಂದವಳೇ ಸೆರಗಿಗೆ ಸಿಕ್ಕಿಸಿಕೊಂಡಳು. ಅಷ್ಟೇ, ಇಪ್ಪತ್ತೆರಡು ವರ್ಷ ಅದು ಅಲ್ಲೇ ಇತ್ತು. ಅಡುಗೆಮನೆಯ ಅರಿಶಿನವೆಲ್ಲ ಅದಕ್ಕೇ. ದಿನವೂ ನೆರಿಗೆ ಹಿಡಿಯುವಾಗ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅವನಿಗೆ ಉತ್ತರ ಕೊಡುತ್ತಿದ್ದಳು.

“ಅದು ಸೆರಗಿಗೆ ಹಾಕೋದಲ್ಲ ಕಣೇ! ದೇಶದಲ್ಲೇ ಇನ್ನೂರು ಇರೋದು. ನೋಡು, ಗರಿ ಮೇಲೆ ಹಲ್ಲಿನ ಗುರುತು ಬಿತ್ತು!”

“ಮತ್ತೆ ಪಿನ್ನು ಇರೋದ್ಯಾಕೆ? ಪೂಜೆ ಮಾಡೋಕಾ?”

ಒಂದು ವಾರದ ಜ್ವರದಲ್ಲಿ ಕೋಮಲಾ ಹೋಗಿಬಿಟ್ಟಳು. ಬೀರು ತೆಗೆದರೆ ಅವಳ ಸೀರೆಗಳ ವಾಸನೆ ಬರುತ್ತಿತ್ತು, ತಡೆಯಲಾಗುತ್ತಿರಲಿಲ್ಲ. ಹದಿಮೂರನೆಯ ದಿನ ಕಳೆಯುತ್ತಲೇ ಅಷ್ಟನ್ನೂ ಗಂಟು ಕಟ್ಟಿ ಜಾನಕಮ್ಮನಿಗೆ ಕೊಟ್ಟು, ಯಾರಿಗಾದರೂ ಕೊಟ್ಟುಬಿಡಿ ಎಂದ. ನವಿಲಿನ ನೆನಪಾದದ್ದು ವರ್ಷಾಬ್ದಿಕದ ದಿನ. ಅದು ಯಾವುದೋ ಸೀರೆಯ ಸೆರಗಿನಲ್ಲೇ ಹೋಗಿತ್ತು. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ತಿರುಗಿ ಕೇಳುವ ಪದ್ಧತಿ ಅವರ ಮನೆತನದಲ್ಲಿರಲಿಲ್ಲ. ಮೇಲಾಗಿ ಯಾವ ಪಿನ್ನಿಗಾಗಿ ಅವಳನ್ನು ಇಪ್ಪತ್ತೆರಡು ವರ್ಷ ಬೈದಿದ್ದನೋ ಅದಕ್ಕಾಗಿಯೇ ಈಗ ಅಳುತ್ತಿದ್ದೇನೆಂದು ಹೇಳುವುದಕ್ಕೆ ನಾಚಿಕೆ. ಅದಕ್ಕೇ ಅಂಥದ್ದೇ ಇನ್ನೊಂದನ್ನು ಹುಡುಕತೊಡಗಿದ. ಅವಳ ಫೋಟೋದ ಮುಂದಿಟ್ಟು, ತಗೋ, ಎಲ್ಲಿಗೆ ಬೇಕಾದರೂ ಸಿಕ್ಕಿಸಿಕೋ, ಇನ್ನು ಬೈಯೋದಿಲ್ಲ ಅನ್ನಬೇಕು. ಅವನ ಆಸೆ ಇಷ್ಟೇ.

ಎರಡು ತಿಂಗಳ ಹಿಂದೆ ಹೆಲೆನಾ, ಆ ನವಿಲು ಈಗ ನನ್ನ ಹತ್ತಿರ ಇದೆ ಎಂದು ಬರೆದು ಫೋಟೋ ಕಳಿಸಿದಳು. ಫೋಟೋ ಪರದೆಗೆ ಇಳಿಯುವ ಮೊದಲೇ ಬ್ರೌಸಿಂಗ್ ಸೆಂಟರಿನ ಕರೆಂಟು ಹೋಯಿತು. ಸತ್ಯನಾರಾಯಣ ಮರುದಿನ ಹೋಗಿ, ಆತುರದಲ್ಲಿ ಫೋಟೋ ಗೀಟೋ ನೋಡದೆ, ಬಳಗದ ಸಂಪ್ರದಾಯದಂತೆ ನಾಲ್ಕು ಸಾಲು ಬರೆದು, ತನ್ನ ಹನ್ನೊಂದು ರೈಲ್ ಇಂಜಿನ್ ಪಿನ್ನುಗಳ ಪೂರಾ ಸೆಟ್ಟನ್ನು ಪ್ರಾಗಿಗೆ ಕಳಿಸಿಬಿಟ್ಟ. ಮೂವತ್ತು ವರ್ಷದ ಸಂಗ್ರಹದಲ್ಲಿ ಅದೇ ಅವನ ಕಿರೀಟವಾಗಿತ್ತು.

ಒಬ್ಬನೇ ಅಂಚೆ ಕಚೇರಿಗೆ ಹೋಗೋಣವೆಂದರೆ ಮೆಟ್ಟಿಲ ಕೆಳಗೆ ಶಾಂತವೀರಪ್ಪನವರು ಕೊಡೆ ಹಿಡಿದು ನಿಂತಿದ್ದರು. ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಿ, ಫ್ಲಾಟುಗಳ ಸಂಘಕ್ಕೆ ಒಂಬತ್ತು ವರ್ಷದಿಂದ ಕಾರ್ಯದರ್ಶಿ.

“ಫಾರಿನ್ ಪಾರ್ಸೆಲ್ ಅಂದ್ರ ಸುಮ್ನ ಅಲ್ರೀ. ನೂರಾ ಎಂಟು ಪ್ರಶ್ನೆ ಕೇಳ್ತಾರ. ನಾ ಅದೀನಿ, ನಡೀರಿ.”

“ನಾನೂ ಬರ್ತೀನಪ್ಪ, ಒಂದು ಕಾರ್ಡ್ ತಗೋಬೇಕು,” ಎಂದು ಜಾನಕಮ್ಮ ಚಪ್ಪಲಿ ಮೆಟ್ಟಿದರು. ಹೀಗೆ ಪಿನ್ನು ತರಲು ದಿಬ್ಬಣ ಹೊರಟಿತು.

ಕೌಂಟರಿನ ಗುಮಾಸ್ತ ಪಾರ್ಸೆಲ್ಲಿನ ಮೇಲಿನ ಹಸಿರು ಚೀಟಿಯನ್ನು ಓದಿ ಹುಬ್ಬೇರಿಸಿದ. ಒಳಗೇನಿದೆ ಎಂಬಲ್ಲಿ ಹೆಲೆನಾ ಪ್ರಾಮಾಣಿಕವಾಗಿ ‘ನವಿಲು, ಒಂದು’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು.

“ಎನ್ನ ಸಾರ್ ಇದು, ಮಯಿಲಾ?”

“ನಿಜವಾದ ನವಿಲಲ್ಲ ಸಾರ್. ಇಷ್ಟು ಸಣ್ಣ ಡಬ್ಬಿಯಲ್ಲಿ ನವಿಲು ಹಿಡಿಯುತ್ತಾ?”

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಶಾಂತವೀರಪ್ಪನವರು ಸಹಾಯಕ್ಕೆ ಬಂದರು. “ಹಂಗಾರ ತತ್ತಿ ಇರಬೇಕು ನೋಡ್ರಿ.”

ತತ್ತಿ ಎಂದರೆ ಏನೆಂದು ಗುಮಾಸ್ತ ಕೇಳಿದ. ಮೊಟ್ಟೆ ಎಂದು ಜಾನಕಮ್ಮ ಶುದ್ಧ ತಮಿಳಿನಲ್ಲಿ ವಿವರಿಸಿದರು. ಗುಮಾಸ್ತ ಎದ್ದು ಪೋಸ್ಟ್ ಮಾಸ್ಟರನ್ನು ಕರೆದ. ಪೋಸ್ಟ್ ಮಾಸ್ಟರ್ ಪಾರ್ಸೆಲ್ಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಹಿಂದಿನ ಸಾಲಿನವರೆಲ್ಲ ಮುಂದೆ ಬಂದು ನೋಡಿದರು. ಮೊಟ್ಟೆಯಾದರೆ ಪ್ರಾಗಿನಿಂದ ಬರುವಷ್ಟರಲ್ಲಿ ನಾರುತ್ತಿತ್ತು ಎಂದು ಒಬ್ಬ ಅನುಭವಸ್ಥ ಹೇಳಿದ ಮೇಲೆ, ಎಲ್ಲರೂ ಮೂಸಿ ನೋಡಿದ ಮೇಲೆ, ಸತ್ಯನಾರಾಯಣ ಮೂರು ಕಡೆ ಸಹಿ ಹಾಕಿದ ಮೇಲೆ ಅದು ಅವನ ಕೈಗೆ ಬಂತು. ಅವನು ಅದನ್ನು ಎದೆಗವಚಿಕೊಂಡ. ಅದನ್ನೂ ಜಾನಕಮ್ಮ ಗಮನಿಸಿ, “ಪಾವಂ, ಎಷ್ಟು ಆಸೆ ನೋಡಿ,” ಎಂದು ಶಾಂತವೀರಪ್ಪನವರಿಗೆ ಪಿಸುಗುಟ್ಟಿದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಕೋಮಲಾಳ ಫೋಟೋದ ಮುಂದೆ ಒಬ್ಬನೇ ಬಿಚ್ಚಬೇಕೆಂದು ಅವನು ಲೆಕ್ಕ ಹಾಕಿದ್ದ. ಬಾಗಿಲು ಹಾಕಲು ಯಾರಾದರೂ ಬಿಟ್ಟರೆ ತಾನೆ? ಹಜಾರದಲ್ಲಿ ಆಗಲೇ ಎರಡು ಮಹಡಿಯ ಹೆಂಗಸರು ಕೂತಿದ್ದರು. ಯಾರೋ ಕೇಸರಿಬಾತು ತಂದಿದ್ದರು. ಶಾಂತವೀರಪ್ಪನವರು ಗಂಟಲು ಸರಿಮಾಡಿಕೊಂಡು, “ಫಾರಿನ್‌ದವ್ರು ಬಂದು ಇರೂದಕ್ಕ ಸಂಘದ ತಕರಾರೇನಿಲ್ರೀ. ಆದ್ರ ನೀರಿನ ಮೋಟಾರ್ ಟೈಮಿಂಗ್ ಅವ್ರಿಗೆ ಮೊದ್ಲ ಹೇಳಿಬಿಡ್ರಿ,” ಎಂದರು.

“ಮದುವೆ ಇಲ್ಲ, ಗಿದುವೆ ಇಲ್ಲ!” ಎಂದು ಸತ್ಯನಾರಾಯಣ ಕಿರುಚಿದ. “ನೋಡಿ, ನೋಡಿಬಿಡಿ ಎಲ್ಲರೂ!” ಎಂದು ಡಬ್ಬಿ ಹರಿದು ಹತ್ತಿಯ ಸುರುಳಿ ಬಿಡಿಸಿದ.

ನವಿಲು ಥಳಥಳ ಹೊಳೆಯುತ್ತಿತ್ತು. ನೀಲಿ ಕತ್ತು, ಹಸಿರು ಗರಿ, ಎಲ್ಲೂ ಒಂದು ಚುಕ್ಕೆ ಕೊರತೆಯಿಲ್ಲ. ಮದುವೆಯಾದ ವಾರ ಹೇಗಿತ್ತೋ ಹಾಗೆಯೇ ಇತ್ತು.

ಮೊದಲು ಬಾಯಿ ಬಿಟ್ಟವರು ಜಾನಕಮ್ಮ. “ಇದು ನಮ್ಮ ಕೋಮಲನ ಸೆರಗಿನ ಪಿನ್ನು ಅಲ್ವಾ?”

“ಅವಳದಲ್ಲ ಅಮ್ಮಾ. ಅಂಥದ್ದೇ ಇನ್ನೊಂದು,” ಎಂದ. ಕಣ್ಣು ತುಂಬಿ ಬಂತು. ಇಷ್ಟು ದಿನ ನಾಚಿಕೆಯಿಂದ ಮುಚ್ಚಿಟ್ಟದ್ದನ್ನೆಲ್ಲ ಕೇಸರಿಬಾತಿನ ತಟ್ಟೆಗಳ ನಡುವೆ ನಿಂತು ಹೇಳಿಬಿಟ್ಟ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಶಾಂತವೀರಪ್ಪನವರು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ರಚನಾಳ ಮುಖ ಮಾತ್ರ ಬಿಳಿಚಿಕೊಂಡಿತ್ತು.

“ಅಂಕಲ್... ಅದು ನೀಲಿ ಸೀರೇಲಿ ಇತ್ತು. ವೃದ್ಧಾಶ್ರಮಕ್ಕೆ ಕೊಡೋಕೆ ಮುಂಚೆ ನಾನೇ ತೆಗೆದಿಟ್ಟೆ. ಸೊಟ್ಟ ಆಗಿತ್ತು, ಕಲೆ ಇತ್ತು. ಅಂಥದ್ದು ನೀವು ಬಿಸಾಕಿರ್ತೀರಿ ಅಂದ್ಕೊಂಡೆ. ಆಗ ನಿಮ್ಮ ಜೊತೆ ನಾನೂ ಟ್ರೇಡಿಂಗ್ ಶುರು ಮಾಡಿದ್ನಲ್ಲ, ಒಂದು ತಿಂಗಳು? ಸಿಂಗಾಪುರದ ಒಬ್ಬರಿಗೆ ಕೊಟ್ಬಿಟ್ಟೆ. ಬದಲಿಗೆ ಪಾಂಡಾ ಪಿನ್ನು ಬಂತು.” ಅವಳು ಅಳತೊಡಗಿದಳು. “ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ ಅಂಕಲ್. ಸತ್ಯಮಾ, ನಿಜವಾಗ್ಲೂ ಹೇಳ್ತಿದ್ದೆ.”

ಸತ್ಯನಾರಾಯಣ ಮೆಲ್ಲಗೆ ಕುರ್ಚಿಯಲ್ಲಿ ಕೂತ. ಸಿಂಗಾಪುರ! ಅವನ ತಲೆಯಲ್ಲಿ ಏನೋ ಮಿಂಚಿತು. ಹೆಲೆನಾ ಆ ಮೊದಲ ಇಮೇಲಿನಲ್ಲಿ ಸಿಂಗಾಪುರದ ಹೆಸರೆತ್ತಿದ್ದಳಲ್ಲವೇ?

“ರಚನಾ, ಬ್ರೌಸಿಂಗ್ ಸೆಂಟರಿಗೆ ನಡಿ.”

ದಿಬ್ಬಣ ಮತ್ತೆ ಹೊರಟಿತು. ಬ್ರೌಸಿಂಗ್ ಸೆಂಟರಿನ ಒಂದೇ ಗೂಡಿನಲ್ಲಿ ನಾಲ್ಕು ಜನ ನುಗ್ಗಿ ನಿಂತರು. ರಚನಾ ಹಳೆಯ ಇಮೇಲು ತೆಗೆದು ಓದಿ ಕನ್ನಡದಲ್ಲಿ ಹೇಳಿದಳು. “‘ಸಿಂಗಾಪುರದ ಸ್ನೇಹಿತರಿಂದ ನಿಮ್ಮ ನವಿಲು ಸಿಕ್ಕಿತು. ತುಂಬ ಸವೆದಿದೆ. ಫೋಟೋ ನೋಡಿ, ಇದು ಸಾಕೇ ಹೇಳಿ. ನನಗಂತೂ ಯಾರೋ ಬಹಳ ಪ್ರೀತಿಯಿಂದ ಬಳಸಿದ್ದು ಅನ್ನಿಸುತ್ತದೆ.’”

ಫೋಟೋದ ಮೇಲೆ ಒತ್ತಿದಳು. ಅದು ಮೇಲಿನಿಂದ ಕೆಳಕ್ಕೆ ಎಳೆ ಎಳೆಯಾಗಿ ಇಳಿಯಿತು. ಮೊದಲು ಜುಟ್ಟು, ಆಮೇಲೆ ಅರಿಶಿನ ಹತ್ತಿದ ಕತ್ತು, ಬಲಕ್ಕೆ ಬಾಗಿದ ಬೆನ್ನು. ಕೊನೆಗೆ ಗರಿ, ಅದರ ಮೇಲೆ ಎರಡು ಸಣ್ಣ ಗುಳಿ. ಕೋಮಲಾಳ ಮುಂದಿನ ಹಲ್ಲು ಎರಡು.

“ಅವಳದೇ,” ಎಂದ ಸತ್ಯನಾರಾಯಣ. ಅಂಗೈ ಬಿಡಿಸಿ ನೋಡಿದ. ನವಿಲು ಕನ್ನಡಿಯಂತೆ ಹೊಳೆಯುತ್ತಿತ್ತು. ಗರಿಯ ಮೇಲೆ ಬೆರಳಾಡಿಸಿದ. ನುಣ್ಣಗಿತ್ತು.

“ಇದರ ಕೆಳಗೆ ನಿಮ್ಮ ಉತ್ತರ ಇದೆ ಅಂಕಲ್,” ಎಂದು ರಚನಾ ಸಣ್ಣ ದನಿಯಲ್ಲಿ ಹೇಳಿದಳು. ಅವಳು ಓದಬೇಕಾಗಿರಲಿಲ್ಲ. ಅವನೇ ಬರೆದದ್ದು, ಬಾಯಿಪಾಠವಾಗಿತ್ತು. ನಾನು ಹೊಸದರಂತಿರುವುದನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಕಲೆ, ಗೀರು, ಸೊಟ್ಟ ಏನಿದ್ದರೂ ಪೂರ್ತಿ ತೆಗೆಸಿ ಕಳಿಸಿ. ಅದಕ್ಕಾಗಿ ಹನ್ನೊಂದು ಇಂಜಿನ್ನುಗಳನ್ನೂ ಕೊಡುತ್ತೇನೆ.

ಸತ್ಯನಾರಾಯಣ ನವಿಲನ್ನು ಬಾಯಿಗಿಟ್ಟು ಕಚ್ಚಿದ. ಕಣ್ಣು ಮುಚ್ಚಿ ಬಲವಾಗಿ ಕಚ್ಚಿದ.

“ಅಯ್ಯೋ, ಏನ್ ಮಾಡ್ತಿದೀಯಪ್ಪಾ!” ಎಂದು ಜಾನಕಮ್ಮ ಅವನ ತೋಳು ಹಿಡಿದರು.

ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡೇ ಅವನು ಏನೋ ಉತ್ತರ ಕೊಟ್ಟ. ಯಾರಿಗೂ ತಿಳಿಯಲಿಲ್ಲ. ಹೊರಗೆ ತೆಗೆದು ನೋಡಿದರೆ ಹೆಲೆನಾ ಮೆತ್ತಿದ ಹೊಸ ಎನಾಮಲ್ಲಿಗೆ ಏನೂ ಆಗಿರಲಿಲ್ಲ. ಸತ್ಯನಾರಾಯಣನ ಹಲ್ಲೊಂದು ಅಲ್ಲಾಡುತ್ತಿತ್ತು.

“ಹೊಸ ಮೇಲು ಬಂದಿದೆ ಅಂಕಲ್, ಇವತ್ತಿಂದು,” ಎಂದಳು ರಚನಾ. “‘ನವಿಲು ತಲುಪಿತೇ? ನನ್ನ ಕೈಯಾರೆ ಮೂರು ವಾರ ಕೂತು ಸರಿಮಾಡಿದೆ. ಕಣ್ಣು ಮೊದಲಿನ ಹಾಗಿಲ್ಲ. ಆ ಎರಡು ಗುಳಿ ಮುಚ್ಚುವುದೇ ಬಹಳ ಕಷ್ಟವಾಯಿತು. ನಿಮಗೆ ಸಂತೋಷವಾಯಿತೇ?’”

ಅರ್ಧ ಗಂಟೆ ಮುಗಿಯಿತೆಂದು ಸೆಂಟರಿನವನು ಹೊರಗಿನಿಂದ ಕೂಗಿದ. ಶಾಂತವೀರಪ್ಪನವರು, ತಡೀಪಾ, ಎಂದು ಅವನನ್ನು ಗದರಿದರು.

ಎಪ್ಪತ್ತೊಂದು ವರ್ಷದ ಮುದುಕಿ ಅಲ್ಲಿ ಕಾಯುತ್ತಿದ್ದಳು. ಸತ್ಯನಾರಾಯಣ ಕನ್ನಡಕ ಒರೆಸಿಕೊಂಡು ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡ. ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ತಲುಪಿತು, ಹೊಸದರಂತೆಯೇ ಇದೆ, ಧನ್ಯವಾದ ಎಂದು ಬರೆದ. ಆಮೇಲೆ ಬಳಗದ ಪುಟ ತೆಗೆಸಿ ಅವಳಿಗೆ ಐದು ನಕ್ಷತ್ರ ಕೊಟ್ಟ.