ಅಳತೆಗೆ ಸಾಲದ ಗಾಯ

ಸಾರಿಗೆ ನೌಕರರ ವೈದ್ಯಕೀಯ ರಜೆ ನಿಯಮಾವಳಿಯ ಒಂಬತ್ತನೇ ನಿಯಮದ ಪ್ರಕಾರ, ಶಸ್ತ್ರಚಿಕಿತ್ಸೆ ಎಂದರೆ ಮೈಮೇಲೆ ಕನಿಷ್ಠ ಒಂದು ಗೇಣು ಉದ್ದದ ಗಾಯದ ಗುರುತು. ಈ ನಿಯಮ ಬರೆದ ಕಾಲದಲ್ಲಿ ವೈದ್ಯರು ಅದಕ್ಕಿಂತ ಕಡಿಮೆ ಕೊಯ್ಯುತ್ತಲೇ ಇರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂದರೆ ಶುರುವಾದದ್ದು ಹದಿನೇಳನೇ ನಂಬರ್ ಬಸ್ಸಿನ ಚಾಲಕರು ಆಗಷ್ಟೇ ಒರೆಸಿದ್ದ ಡಿಪೋ ಮೆಟ್ಟಿಲ ಮೇಲೆ ಜಾರಿ ಬಿದ್ದಾಗ. ಕುತ್ತಿಗೆಯ ಬುಡದಿಂದ ಭುಜಕ್ಕೆ ಹೋಗುವ ಎಲುಬು, ಅಂದರೆ ಕಾಲರ್ ಬೋನ್, ಎರಡು ತುಂಡಾಯಿತು. ಲಟಕ್ಕೆಂದ ಸದ್ದನ್ನು ಇಡೀ ಕಚೇರಿ ಕೇಳಿಸಿಕೊಂಡಿತು. ಬಿದ್ದವರನ್ನು ಎತ್ತಿ ಕೂರಿಸಿದವರು ಸ್ವತಃ ಮ್ಯಾನೇಜರ್. ರಜೆ ವಿಭಾಗದ ಗುಮಾಸ್ತರು ಓಡಿ ಹೋಗಿ ನೀರು ತಂದರು.

ಆಸ್ಪತ್ರೆಯ ಸರ್ಜನ್ ಹೊಸ ವಿಧಾನ ಕಲಿತು ಬಂದವರು. ಎದೆಯ ಮೇಲ್ಭಾಗದಲ್ಲಿ ಕಿರುಬೆರಳ ಉಗುರಿನಷ್ಟು ಕೊಯ್ದು, ಬಾಗುವಂಥ ಸಣ್ಣ ಲೋಹದ ಕಡ್ಡಿಯೊಂದನ್ನು ಎಲುಬಿನೊಳಗೆ ತೂರಿಸಿ, ಪೈಜಾಮಕ್ಕೆ ಲಾಡಿ ಪೋಣಿಸಿದ ಹಾಗೆ ಎರಡು ತುಂಡನ್ನೂ ಸೇರಿಸಿಬಿಟ್ಟರು. ಹೊಲಿಗೆ ಎರಡೇ. ಎರಡು ತಿಂಗಳಲ್ಲಿ ಎಲುಬು ಕೂಡಿಕೊಂಡಿತು, ಕೈ ಮೊದಲಿನ ಹಾಗೆ ಮೇಲೆದ್ದಿತು, ಗುರುತು ನೋಡಲು ಕನ್ನಡಕ ಬೇಕಾಯಿತು.

ಅರವತ್ತು ದಿನದ ಗೈರುಹಾಜರಿಗೆ ಪುರಾವೆ ಇಲ್ಲದಿದ್ದರೆ ಕೆಲಸ ಹೋಗುತ್ತದೆ ಎನ್ನುವುದು ಹತ್ತನೇ ನಿಯಮ. ಗುಮಾಸ್ತರು ಚಾಲಕರ ಅಂಗಿ ಬಿಚ್ಚಿಸಿ ಟೇಪು ಹಿಡಿದರು. ಒಂದು ಸೆಂಟಿಮೀಟರೂ ತುಂಬಲಿಲ್ಲ. ಇನ್ನೊಮ್ಮೆ ಹಿಡಿದರು, ಚರ್ಮವನ್ನು ತುಸು ಎಳೆದೂ ನೋಡಿದರು. ಅವರು ಕೆಟ್ಟ ಮನುಷ್ಯರೇನಲ್ಲ.

"ಸಾರ್, ನಾನು ಬಿದ್ದಾಗ ನೀವೇ ನೀರು ಕುಡಿಸಿದ್ರಲ್ಲ?"

"ಕುಡಿಸ್ದೆ. ಆದ್ರೆ ನಾನು ಕಣ್ಣಾರೆ ನೋಡಿದ್ದನ್ನ ಬರೆಯೋಕೆ ಫಾರಂನಲ್ಲಿ ಜಾಗ ಇಲ್ಲವಲ್ಲಪ್ಪ."

ಎಕ್ಸ್‌ರೇಯಲ್ಲಿ ಕಡ್ಡಿ ಹೊಳೆಯುತ್ತಿತ್ತು. ಆದರೆ ಎಕ್ಸ್‌ರೇ ಒಳಗಿನ ವಿಚಾರ, ಕಚೇರಿಯ ಅಧಿಕಾರವೇನಿದ್ದರೂ ಹೊರಗಿನ ಚರ್ಮದವರೆಗೆ ಎಂದು ಹಿಂಬರಹ ಬಂತು.

ಚಾಲಕರು ಹೆಂಡತಿಯನ್ನು ಕರೆದುಕೊಂಡು ಸರ್ಜನ್ ಬಳಿ ಹೋಗಿ, ಗಾಯವನ್ನು ದಯವಿಟ್ಟು ಸ್ವಲ್ಪ ಉದ್ದ ಮಾಡಿಕೊಡಿ ಎಂದು ಕೇಳಿಕೊಂಡರು. ಚಿಕ್ಕದಾಗಿ ಕೊಯ್ಯುವುದನ್ನು ಕಲಿಯಲು ಐದು ವರ್ಷ ಹಿಡಿದಿದೆ, ಉದ್ದಕ್ಕೆ ಕೊಯ್ಯಲು ನಾನೇ ಬೇಕೆ ಎಂದು ಸರ್ಜನ್ ಮುಖ ಊದಿಸಿಕೊಂಡರು.

"ಉದ್ದಕ್ಕೆ ಹೆಚ್ಚೋಕೆ ನಂಗೂ ಬರುತ್ತೆ ಡಾಕ್ಟ್ರೇ," ಎಂದರು ಹೆಂಡತಿ. "ಆದ್ರೆ ನಾನು ಸರ್ಟಿಫಿಕೇಟ್ ಕೊಡೋ ಹಾಗಿಲ್ವಲ್ಲ."

ಮನೆಗೆ ಬಂದ ಚಾಲಕರಿಗೆ ಅಳು ಬಂತು. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವರು. ಬೇರೆ ಕೆಲಸ ಬಾರದು, ಬೇಕೂ ಇರಲಿಲ್ಲ.

ಮ್ಯಾನೇಜರಿಗೂ ಸಂಕಟವಾಯಿತು. ಅವರು ಸಮಿತಿ ಕರೆದರು. ಸಮಿತಿ ಮೂರು ಸಲ ಸೇರಿ ಈ ಕೆಳಗಿನಂತೆ ತೀರ್ಮಾನಿಸಿತು: ಗಾಯ ಇಲ್ಲದ ಕಾರಣ ಶಸ್ತ್ರಚಿಕಿತ್ಸೆ ನಡೆದಿಲ್ಲ. ಶಸ್ತ್ರಚಿಕಿತ್ಸೆ ಇಲ್ಲದೆ ಕೈ ಸರಿ ಇರುವುದರಿಂದ ಎಲುಬು ಮುರಿದಿಲ್ಲ. ಎಲುಬು ಮುರಿಯದವರು ರಜೆ ಹಾಕುವ ಪ್ರಶ್ನೆಯೇ ಬರುವುದಿಲ್ಲ. ಆದ್ದರಿಂದ ಸದರಿ ಚಾಲಕರು ಸದರಿ ಅರವತ್ತು ದಿನವೂ ಬಸ್ ಓಡಿಸಿದ್ದಾರೆ.

ಹಾಜರಿ ಪುಸ್ತಕದಲ್ಲಿ ಒಂದೇ ಕೂತಲ್ಲಿ ಅರವತ್ತು ಸಹಿ ಹಾಕಿಸಿಕೊಂಡರು. ಆ ಅರವತ್ತು ದಿನ ಬಸ್ಸು ಬದಲಿ ಚಾಲಕರಿಲ್ಲದೆ ಶೆಡ್ಡಿನಲ್ಲೇ ನಿಂತಿತ್ತು. ಹಾಗಾಗಿ ಅಪಘಾತ ಸೊನ್ನೆ, ಕೆಟ್ಟು ನಿಂತದ್ದು ಸೊನ್ನೆ, ಡೀಸೆಲ್ ಒಂದು ತೊಟ್ಟೂ ಖರ್ಚಾಗಿಲ್ಲ. ಇಂಥ ಓಟ ಡಿಪೋದ ಚರಿತ್ರೆಯಲ್ಲೇ ಇರಲಿಲ್ಲ. ಖಾತ್ರಿಗಾಗಿ ದಿನಾ ಆ ಬಸ್ಸಿಗೆ ಕಾಯುವ ಸ್ಕೂಲ್ ಟೀಚರನ್ನು ವಿಚಾರಿಸಲಾಯಿತು. ಅವರು ಬಹಳ ಯೋಚಿಸಿ, ಎರಡು ತಿಂಗಳಿಂದ ಹದಿನೇಳನೇ ನಂಬರ್ ಒಂದು ದಿನವೂ ತಡವಾಗಿ ಬಂದಿಲ್ಲ ಎಂದು ಬರೆದುಕೊಟ್ಟರು. ಅದು ನಿಜವೇ ಆಗಿತ್ತು.

ಚಾಲಕರಿಗೆ ಶಾಲು ಹೊದಿಸಿ ಅತ್ಯುತ್ತಮ ಚಾಲಕ ಪ್ರಶಸ್ತಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಅವರು ಮೆಲ್ಲಗೆ, "ಸಾರ್, ಬಸ್ ಕೀ ಕೊಟ್ರೆ ಸಾಕು," ಎಂದರು.

ಮ್ಯಾನೇಜರ್ ಚಾಲಕರ ಹೆಗಲ ಮೇಲೆ, ಸರಿಯಾಗಿ ಕಡ್ಡಿ ಇದ್ದ ಜಾಗದಲ್ಲಿ, ಪ್ರೀತಿಯಿಂದ ಕೈಯಿಟ್ಟರು. "ಕೀ ಕೊಟ್ರೆ ಬಸ್ ಓಡುತ್ತೆ. ಬಸ್ ಓಡಿದ್ರೆ ಈ ದಾಖಲೆ ಉಳಿಯುತ್ತಾ, ನೀವೇ ಹೇಳಿ?"

ಚಾಲಕರು ಶಾಲು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಈಗ ಅವರು ದಿನಾ ಬೆಳಗ್ಗೆ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಬಂದು, ಶೆಡ್ಡಿನಲ್ಲಿ ನಿಂತ ಬಸ್ಸು ಹತ್ತಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಸಂಜೆಯವರೆಗೆ ಕೂರುತ್ತಾರೆ. ತಿರುವು ಬಂದಾಗ ತಿರುಗಿಸುತ್ತಾರೆ, ನೋವಿಲ್ಲ. ಮೊದಮೊದಲು ಬೇಜಾರಾಗುತ್ತಿತ್ತಂತೆ, ಈಗ ಟ್ರಾಫಿಕ್ ಕಡಿಮೆ ಎಂದು ಹೆಂಡತಿಯ ಬಳಿ ಹೇಳುತ್ತಾರೆ. ನಿಲ್ದಾಣದಲ್ಲಿ ಜನ ಗಡಿಯಾರ ನೋಡಿ, ಹದಿನೇಳು ಬಂತು ಎಂದು ಎದ್ದು, ಸಾಲಾಗಿ ನಡೆದುಕೊಂಡು ಕೆಲಸಕ್ಕೆ ಹೋಗುತ್ತಾರೆ. ಟೀಚರ್ ನಡುನಡುವೆ ಮುಂದೆ ಸರಿಯಿರಿ ಎನ್ನುತ್ತಾರೆ.

ಬೆಳಗಿನ ಹೊತ್ತು ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂದು ಪ್ರಯಾಣಿಕರು ಕಳೆದ ವಾರ ಮನವಿ ಸಲ್ಲಿಸಿದ್ದಾರೆ. ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದ್ದು, ಬರುವ ಸೋಮವಾರದಿಂದ ಇನ್ನೂ ಒಂದು ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸಲಾಗುವುದು.