ಬೀರೇಶನ ಒದ್ದೆ ಪಂಚೆ

ತೂಬಗೆರೆಯ ಬೀರೇಶನಿಗೆ ಆ ದಿನ ಬೇಕಾಗಿದ್ದುದು ಒಂದೇ. ಮಗಳು ಉಚ್ಚೆ ಹೊಯ್ಯಬೇಕು.

ಒಂದೂವರೆ ವರ್ಷದ ಪುಟ್ಟಿ ಬೆಳಗಿನ ಜಾವದಿಂದ ವಾಂತಿ ಮಾಡುತ್ತಿದ್ದಳು. ಹೆಂಡತಿ ಅಕ್ಷತ ತಂಗಿಯ ಬಾಣಂತನಕ್ಕೆಂದು ಹೊಸಕೋಟೆಯಲ್ಲಿದ್ದಳು. ಡಾಕ್ಟರಮ್ಮ ಮಗುವಿನ ಹೊಟ್ಟೆ ಮುಟ್ಟಿ ನೋಡಿ, "ನೊರೊ ಅನ್ನೋ ವೈರಸ್ ಇರಬೇಕು, ಈಗ ಸುಮಾರು ಮಕ್ಕಳಿಗೆ ಬರ್ತಿದೆ. ಓಆರ್‌ಎಸ್ ಚಮಚ ಚಮಚವಾಗಿ ಕುಡಿಸಿ. ಮಧ್ಯಾಹ್ನದೊಳಗೆ ಉಚ್ಚೆ ಹೊಯ್ಯಲಿಲ್ಲ ಅಂದ್ರೆ ತಕ್ಷಣ ಕರ್ಕೊಂಡು ಬನ್ನಿ, ಡ್ರಿಪ್ ಹಾಕ್ಬೇಕಾಗುತ್ತೆ" ಎಂದು ಕಳಿಸಿದ್ದರು.

ಬೀರೇಶ ಉಗುರುಬೆಚ್ಚಗಿನ ನೀರಿನಲ್ಲಿ ಕಿತ್ತಳೆ ರುಚಿಯ ಓಆರ್‌ಎಸ್ ಕದಡಿ ಲೋಟವನ್ನು ಪಕ್ಕದ ಸ್ಟೂಲಿನ ಮೇಲಿಟ್ಟುಕೊಂಡು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ. ಪುಟ್ಟಿ ಅತ್ತರೆ ಕಣ್ಣೀರು ಬರುತ್ತಿರಲಿಲ್ಲ, ತುಟಿ ಒಣಗಿತ್ತು. ಅವನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ.

ಪಕ್ಕದ ಮನೆಯ ಆದಿನಾರಾಯಣಪ್ಪ ಬಂದರು. ಬಸ್ ಕಂಡಕ್ಟರ್ ಆಗಿ ರಿಟೈರಾದವರು. ಬೀದಿಯಲ್ಲಿ ಯಾವ ವಿಷಯವೂ ತಾವು ಸೀಟಿ ಊದದೆ ಮುಂದೆ ಹೋಗಬಾರದು ಎಂಬುದು ಅವರ ನಂಬಿಕೆ.

"ಆಯ್ತೇನಪ್ಪಾ?"

"ಇನ್ನೂ ಇಲ್ಲಣ್ಣ."

"ಕೊಡಿಲ್ಲಿ, ಉಪ್ಪು ನೋಡ್ತೀನಿ." ಮಗುವಿನ ಚಮಚವನ್ನೇ ಕಿತ್ತುಕೊಂಡು ಬಾಯಿಗಿಟ್ಟರು. "ಥೂ, ಸಪ್ಪೆ!"

"ಅಣ್ಣ, ಇದು ಅಂಟೋ ಕಾಯ್ಲೆ!"

"ನಂಗೆ ಯಾವ ಕಾಯ್ಲೆ ಅಂಟುತ್ತೋ? ಸುಮ್ಕಿರು."

ಅಷ್ಟರಲ್ಲಿ ಎದುರು ಮನೆಯ ಪಾಪಕ್ಕ ಉಪ್ಪು ಮೆಣಸಿನಕಾಯಿ ಹಿಡಿದು ಬಂದರು. "ದೃಷ್ಟಿ ಆಗೈತೆ ಕಣಪ್ಪ, ಕಣ್ಮುಚ್ಕೊಂಡು ದೇವರ್ನ ನೆನೆ" ಎಂದು ಮಗುವಿಗೆ ಇಳಿ ತೆಗೆಯತೊಡಗಿದರು. ಗಂಡಸರಿಬ್ಬರೂ ಕಣ್ಣುಮುಚ್ಚಿದರು; ಬೀರೇಶ ತನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತ.

ತೊಡೆ ಬೆಚ್ಚಗಾಯಿತು. ಕಣ್ಣುಬಿಟ್ಟು ನೋಡಿದರೆ ಪಂಚೆ ಒದ್ದೆ!

"ಹೊಯ್ದ್ಳು! ನನ್ ಕಂದ ಹೊಯ್ದ್‌ಬಿಟ್ಳು!" ಬೀರೇಶ ಅಕ್ಷತಳಿಗೆ ಫೋನ್ ಮಾಡಿದ. ಅವಳು ಆ ಕಡೆಯಿಂದ ಅತ್ತಳು, ಇವನು ಈ ಕಡೆಯಿಂದ ಅತ್ತ. ಬೇಕಾದೀತೆಂದು ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದ ಆಟೋವನ್ನು ವಾಪಸ್ ಕಳಿಸಿದ. ಪಂಚೆ ಬದಲಿಸಿ ಹಳೆಯದನ್ನು ಹಿತ್ತಲಲ್ಲಿ ಹಾಕಿದ.

ಮಧ್ಯಾಹ್ನ ಕಳೆಯಿತು. ಪುಟ್ಟಿ ಮಂಕಾಗಿ ಮಲಗಿಯೇ ಇದ್ದಳು. ಸುಸ್ತಿಗೆ ನಿದ್ದೆ ಬಂದಿದೆ ಎಂದುಕೊಂಡ ಬೀರೇಶ. ಹಿತ್ತಲಿಗೆ ಹೋಗಿದ್ದ ಆದಿನಾರಾಯಣಪ್ಪ ಅಲ್ಲಿಂದಲೇ ಕೂಗಿದರು.

"ಲೇ ಬೀರೇಶ! ಪಂಚೆ ತುಂಬಾ ಇರುವೆ ಮುತ್ಕೊಂಡವೆ ಕಣೋ! ಉಚ್ಚೆಗೆ ಇರುವೆ ಬಂದ್ರೆ ಏನರ್ಥ? ಮಗೂಗೆ ಶುಗರ್! ನಮ್ ಭಾವಂಗೂ ಹಿಂಗೇ ಶುರುವಾಗಿದ್ದು!"

ಬೀರೇಶ ಆಟೋದವನಿಗೆ ಫೋನ್ ಮಾಡಿದ. ಮತ್ತೆ ಆಟೋ ಬಂತು. ಮಗುವನ್ನೆತ್ತಿಕೊಂಡು ಅವನು, ಸಾಕ್ಷಿಗೆಂದು ಇರುವೆ ಸಮೇತ ಪಂಚೆ ಹಿಡಿದು ಆದಿನಾರಾಯಣಪ್ಪ, ಯಾಕೋ ಮಾತೇ ಆಡದೆ ಪಾಪಕ್ಕ, ಮೂವರೂ ಕ್ಲಿನಿಕ್ಕಿಗೆ ಓಡಿದರು.

ಡಾಕ್ಟರಮ್ಮ ಪಂಚೆಯನ್ನು ಮೂಗಿನ ಹತ್ತಿರ ತಂದರು. "ಕಿತ್ತಳೆ ಹಣ್ಣಿನ ವಾಸನೆ. ಇದು ಉಚ್ಚೆ ಅಲ್ಲ ರೀ, ಓಆರ್‌ಎಸ್!"

ಪಾಪಕ್ಕ ಸೆರಗಿನ ತುದಿ ತಿರುಚುತ್ತಾ ಹೇಳಿದರು: "ಇಳಿ ತೆಗೆಯುವಾಗ ಕೈ ತಗುಲಿ ಲೋಟ ಉರುಳಿ ನಿನ್ ತೊಡೆ ಮೇಲೆ ಚೆಲ್ತು ಕಣಪ್ಪ, ನೀನು ಕಣ್ಬಿಡೋದ್ರೊಳಗೆ ಎತ್ತಿಟ್ಟೆ. ನೀನು ಅಷ್ಟು ಖುಷಿಯಾಗಿದ್ಯಲ್ಲ, ಹೇಳಕ್ಕೆ ಮನಸ್ಸೇ ಬರ್ಲಿಲ್ಲ."

ಡಾಕ್ಟರಮ್ಮ ಆಗಲೇ ಮಗುವಿನ ಪುಟ್ಟ ಕೈಯಲ್ಲಿ ನರ ಹುಡುಕುತ್ತಿದ್ದರು. "ಹಂಗಾದ್ರೆ ಬೆಳಗಿಂದ ಹೊಯ್ದೇ ಇಲ್ಲ! ಇನ್ನು ಸ್ವಲ್ಪ ತಡವಾಗಿದ್ರೆ ನನ್ ಕೈಲೂ ಆಗ್ತಿರ್ಲಿಲ್ಲ."

ಡ್ರಿಪ್ ಇಳಿಯಿತು. ದೀಪ ಹಚ್ಚುವ ಹೊತ್ತಿಗೆ ಪುಟ್ಟಿ ಅಪ್ಪನ ಮಡಿಲಲ್ಲಿ ಧಾರಾಳವಾಗಿ, ನಿಜವಾಗಿ ಹೊಯ್ದಳು. ಬೀರೇಶ ಅಲ್ಲಾಡದೆ ಕೂತು ಕಣ್ಣೊರೆಸಿಕೊಂಡ.

ಬಾಗಿಲಲ್ಲೇ ನಿಂತು ಆದಿನಾರಾಯಣಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು: "ನಾನು ಶುಗರ್ ಅಂತ ಕಂಡುಹಿಡೀದೇ ಇದ್ದಿದ್ರೆ ಮಗು ಉಳೀತಿತ್ತಾ? ನೀನೇ ಹೇಳಪ್ಪಾ ಬೀರೇಶ!"

ಅಲ್ಲ ಎನ್ನೋಣವೆಂದರೆ, ಅವರು ಶುಗರ್ ಎಂದು ಕೂಗದಿದ್ದರೆ ಕ್ಲಿನಿಕ್ಕಿಗೆ ಬರುತ್ತಲೇ ಇರಲಿಲ್ಲ ಎಂಬುದು ನಿಜವೇ ಆಗಿತ್ತು. ಬೀರೇಶ ಕೈಮುಗಿದು, "ನೀವೇ ಉಳಿಸಿದ್ದು ಅಣ್ಣ" ಎಂದ.

"ಹಂಗಾದ್ರೆ ಇನ್ಮೇಲೆ ದಿನಾ ಬಂದು ನೋಡ್ಕೊಂಡು ಹೋಗ್ತೀನಿ ಬಿಡು" ಎಂದರು ಆದಿನಾರಾಯಣಪ್ಪ.