ಮಾವನವರು ತಂದ ಸಮುದ್ರ

ಅರಬ್ಬಿ ಸಮುದ್ರದ ಕೆಲಸದಲ್ಲೂ ತಪ್ಪು ಹುಡುಕುವ ಮನುಷ್ಯ ಈ ಮುಂಬಯಿಯಲ್ಲಿ ಯಾರಾದರೂ ಇದ್ದರೆ ಅವರು ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ. ವಿಜಯಪುರದ ಕಡೆಯಿಂದ ಬಂದು ಜೀವಮಾನವೆಲ್ಲ ಇಲ್ಲಿ ಕಟ್ಟಡದ ಮೇಸ್ತ್ರಿಯಾಗಿದ್ದವರು. ಕೆಲಸ ಬಿಟ್ಟ ಮೇಲೆ ಸುಮ್ಮನೆ ಕೂರಲಾರದೆ, ಅಂಧೇರಿಯ ನಮ್ಮ ಗಾರ್ಡನ್ನಿನಲ್ಲಿ ಹಿರಿಯರಿಗೆಂದು ನಡೆಯುವ ಜಲವರ್ಣದ ಕ್ಲಾಸಿಗೆ ಸೇರಿದರು. ಗುಡ್ಡ, ಮರ, ನೀರು, ಆಕಾಶ ಬರೆಯುವುದು. ಮನಸ್ಸಿಗೆ ಒಳ್ಳೆಯದು ಎಂದು ಬಣ್ಣ, ಕುಂಚ ಕೊಡಿಸಿದವಳು ನಾನೇ. ಈಗ ಯಾರನ್ನು ದೂರಲಿ?

ಮೊದಲ ದಿನವೇ ಟ್ರಂಕಿನಿಂದ ರಸಮಟ್ಟ ಹೊರಬಂತು. ಗೋಡೆ ಸಮ ಇದೆಯೇ ಎಂದು ನೋಡಲು ಮೇಸ್ತ್ರಿಗಳು ಇಡುತ್ತಾರಲ್ಲ, ಒಳಗೆ ಗುಳ್ಳೆ ಓಡಾಡುವ ಪಟ್ಟಿ, ಅದು. ಗುಳ್ಳೆ ನಡುವಿಗೆ ಬಂದು ನಿಂತ ಮೇಲೇ ಸಮುದ್ರಕ್ಕೆ ಗೆರೆ ಬೀಳುವುದು. ತೆಂಗಿನಮರಗಳೆಲ್ಲ ಪಿಲ್ಲರುಗಳ ಹಾಗೆ ನೆಟ್ಟಗೆ. ಒಂದಾದರೂ ಮರ ಬಾಗಲಿ ಎಂದು ಡ್ರಾಯಿಂಗ್ ಸರ್ ಬೇಡಿಕೊಂಡರೆ ಇವರ ಉತ್ತರ: "ಬಾಗಿದ್ದು ನಾಳೆ ಬೀಳತೈತ್ರಿ ಸರ್."

ಇನ್ನು ಕ್ಯೂರಿಂಗಿನ ಕಥೆ. ಹೊಸ ಸ್ಲ್ಯಾಬಿಗೆ ನೀರು ಹೊಡೆದಷ್ಟೂ ಗಟ್ಟಿಯಾಗುತ್ತದಲ್ಲ, ಚಿತ್ರಕ್ಕೂ ಹಾಗೇ ಇರಬೇಕೆಂದು ಮರುದಿನ ನೀರು ಚಿಮುಕಿಸಿದರು. ಸಂಜೆ ಲೋಕಲ್ಲಿನಲ್ಲಿ ಹಣ್ಣಾಗಿ ಮನೆಗೆ ಬಂದರೆ, ಗುಡ್ಡ ಕರಗಿ ಸಮುದ್ರಕ್ಕಿಳಿದಿತ್ತು, ಸಮುದ್ರ ನನ್ನ ಚಪಾತಿ ಡಬ್ಬಿಯ ಕೆಳಗೆ ಸೇರಿತ್ತು. ಕಾಗದದ ಮಾಲೇ ಸರಿಯಿಲ್ಲ ಎಂದು ಮಾವ ತೀರ್ಪು ಕೊಟ್ಟರು. ಟೇಬಲ್ ಒರೆಸಿದವಳು ಯಾರು ಎಂದು ಬೇರೆ ಹೇಳಬೇಕೆ?

ಕಳೆದ ಭಾನುವಾರ ಗಂಡ ಉಪಾಯವಾಗಿ ನುಣುಚಿಕೊಂಡಿದ್ದರಿಂದ ಅವರನ್ನು ವರ್ಸೋವಾ ದಂಡೆಗೆ ಕರೆದೊಯ್ಯುವ ಸರದಿ ನನ್ನದಾಯಿತು. ಕೊಡೆ ನನ್ನ ಕೈಯಲ್ಲಿ, ನೆರಳು ಮಾತ್ರ ಅವರ ಕಾಗದಕ್ಕೆ. ಚಿತ್ರ ಅರ್ಧವಾಗುವಷ್ಟರಲ್ಲಿ ಇಳಿತ ಶುರುವಾಗಿ ನೀರು ಹಿಂದೆ ಸರಿಯಿತು. ಕೆಲಸ ನಡುವೆ ಬಿಟ್ಟು ಹೋಗುವ ಕೂಲಿಯವರನ್ನು ನೋಡುವ ಹಾಗೆ ಮಾವ ಅದನ್ನು ದುರುಗುಟ್ಟಿ ನೋಡಿದರು. ನನ್ನ ತಾಳ್ಮೆ ಮುಗಿದಿತ್ತು.

"ಮಾವಾರ, ಒಂದು ಫೋಟೋ ಹೊಡಕೊಂಡು ಹೋಗೂಣ್ರೀ. ಮನ್ಯಾಗ ಕೂತು ಬರೀರಿ."

"ಫೋಟೋ ನೋಡಲಾರದನೂ ಹೊಡೀಬಹುದವ್ವಾ. ನಾ ನೋಡಕೊಂಡ ಹೋಗಬೇಕು," ಎಂದು ಮತ್ತೆ ಕುಂಚ ಅದ್ದಿದರು.

ಮಧ್ಯಾಹ್ನ ಮನೆಗೆ ಬಂದೆವು. ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಹಸಿ ಚಿತ್ರವನ್ನು ಎರಡೂ ಅಂಗೈ ಮೇಲೆ ಹೊತ್ತು, ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿದ ಮಾವ ಚಪ್ಪಲಿಯನ್ನೂ ಬಿಡದೆ ಒಳಗಿನ ಕೋಣೆಗೆ ಹೋದರು. ಅಲ್ಲಿ ನಮ್ಮ ಅತ್ತೆ ಇದ್ದರು. ಮೊಣಕಾಲು ಕೈಕೊಟ್ಟ ಮೇಲೆ ಅವರು ಮೆಟ್ಟಿಲಿಳಿದೇ ಇಲ್ಲ.

ಮಾವ ಚಿತ್ರವನ್ನು ಹಾಸಿಗೆಯ ಮೇಲೆ ಅವರ ಮುಂದಿಟ್ಟು ನೆಲದ ಮೇಲೆ ಕುಳಿತರು. ಬೆಳಿಗ್ಗೆ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ದೋಣಿ ಮೊದಲು ಹೊರಟಿತು, ಗಾಳಿ ಯಾವ ಕಡೆಗಿತ್ತು, ಎಲ್ಲ ಹೇಳಿದರು. ಅತ್ತೆ ಒಂದೊಂದನ್ನೂ ಕೇಳಿ ಕೇಳಿ ತಿಳಿದುಕೊಂಡರು. ನಾನು ಮಡಚಿದ ಕೊಡೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ.

ಬಹಳ ಹೊತ್ತು ನೋಡಿದ ಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು:

"ಮುಂದಿನ ಐತಾರ ಯಾ ಕಡೆ ಹೋಗೂಣ್ರೀ?"